ಊರ ಗುಡಿಗೆ ದುಡ್ಡು ಎಲ್ಲಿಂದ, ಮನೆಯ ತೆರಿಗೆಯಲ್ಲಿ ಉಳಿಯುವುದೆಷ್ಟು?

ಜುಲೈ ಬಂತೆಂದರೆ ನನ್ನ ಫೋನಿಗೆ ಬಿಡುವಿಲ್ಲ. ನೆಂಟರಿಷ್ಟರಲ್ಲಿ ಆದಾಯ ತೆರಿಗೆ ರಿಟರ್ನ್ ತುಂಬಲು ಬರುವವನು ನಾನೊಬ್ಬನೇ ಅಂತ ಎಲ್ಲರೂ ತೀರ್ಮಾನ ಮಾಡಿಬಿಟ್ಟಿದ್ದಾರೆ. ಹಾಗೇ ಒಂದು ದಿನ ಹಾಸನದ ಕಡೆಯ ನಮ್ಮೂರಿಂದ ಚಿಕ್ಕಪ್ಪ ಫೋನ್ ಮಾಡಿದರು. "ಈಶ್ವರನ ಗುಡಿ ಜೀರ್ಣೋದ್ಧಾರಕ್ಕೆ ಐವತ್ತು ಸಾವಿರ ಕೊಟ್ಟಿದ್ದೀನಿ ಕಣೋ. ರಸೀದಿನೂ ಇದೆ. ಟ್ಯಾಕ್ಸಲ್ಲಿ ಎಷ್ಟು ಉಳಿಯುತ್ತೆ ನೋಡು."

ಒಂದು ರೂಪಾಯಿಯೂ ಉಳಿಯಲಿಲ್ಲ. ಮೊದಲನೆಯದು, ಅವರು ಕೊಟ್ಟಿದ್ದು ನಗದು. ಎರಡನೆಯದು, ಗುಡಿಯ ಸಮಿತಿಗೆ 80ಜಿ ಮಾನ್ಯತೆ, ಅಂದರೆ ಕೊಟ್ಟವರಿಗೆ ತೆರಿಗೆ ಕಡಿತ ಕೊಡಿಸುವ ಮಾನ್ಯತೆ, ಇರಲಿಲ್ಲ. ಮೂರನೆಯದು ಇನ್ನೂ ತಮಾಷೆ. ಚಿಕ್ಕಪ್ಪನ ಪಿಂಚಣಿ ವರ್ಷಕ್ಕೆ ಆರೂವರೆ ಲಕ್ಷ. ಅವರು ಕಟ್ಟಬೇಕಾದ ತೆರಿಗೆಯೇ ಸೊನ್ನೆ. ಸೊನ್ನೆಯಲ್ಲಿ ಏನು ಉಳಿಸುವುದು?

ದುಡ್ಡಿಗಿಂತ ಜಾಸ್ತಿ ಬೇಜಾರಾಗಿದ್ದು ಗುಡಿ ನೋಡಿದಾಗ. ಆ ಐವತ್ತು ಸಾವಿರವೂ ಸೇರಿ ಒಟ್ಟಾದ ಹಣದಲ್ಲಿ ಸಮಿತಿಯವರು ಬಳಪದ ಕಲ್ಲಿನ ಕಂಬಗಳಿಗೆ ಆಯಿಲ್ ಪೇಂಟ್ ಹೊಡೆಸಿದ್ದರು. ಚಾವಣಿ ಸೋರುತ್ತದೆ ಅಂತ ಮೇಲೆ ನಾಲ್ಕು ಇಂಚು ಸಿಮೆಂಟ್ ಕಾಂಕ್ರೀಟ್ ಹಾಕಿಸಿದ್ದರು. ಬಾಗಿಲ ಪಕ್ಕದ ವೀರಗಲ್ಲಿನ ಮೇಲೂ ಹಸಿರು ಬಣ್ಣ. ಅದರಲ್ಲಿದ್ದ ಎರಡು ಸಾಲು ಅಕ್ಷರ ಈಗ ಬೆರಳಾಡಿಸಿದರೂ ಸಿಗುವುದಿಲ್ಲ.

ಹಳೆಯ ಗುಡಿಯೋ, ಬಸದಿಯೋ, ದರ್ಗಾವೋ, ಕಲ್ಯಾಣಿಯೋ ಉಳಿಸಬೇಕು ಅಂತ ಹೊರಟವರಿಗೆ ಎರಡು ಲೆಕ್ಕ ಗೊತ್ತಿರಬೇಕು. ಒಂದು, ಸರ್ಕಾರದ ದುಡ್ಡು ಯಾವ ಬಾಗಿಲಿಂದ ಬರುತ್ತದೆ ಅನ್ನುವುದು. ಇನ್ನೊಂದು, ಮನೆಯವರು ಕೈಯಿಂದ ಹಾಕುವ ದುಡ್ಡಿಗೆ ತೆರಿಗೆಯಲ್ಲಿ ಏನು ಸಿಗುತ್ತದೆ ಅನ್ನುವುದು. ಇಲ್ಲಿರುವ ತೆರಿಗೆ ಅಂಕಿಗಳೆಲ್ಲ 2025-26ನೇ ಹಣಕಾಸು ವರ್ಷದವು. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಯಾಗಿರುವುದರಿಂದ ಮುಂದಿನ ವರ್ಷಗಳ ಲೆಕ್ಕಕ್ಕೆ ಸೆಕ್ಷನ್ ನಂಬರ್‌ಗಳು ಬೇರೆ. ಜನರ ಬಾಯಲ್ಲಿ ಇರುವುದು ಹಳೆಯ ನಂಬರ್, ನಾನೂ ಅದನ್ನೇ ಬಳಸಿದ್ದೇನೆ.

ಹೆಜ್ಜೆ 1: ಅದು ಯಾರ ಸುಪರ್ದಿಯಲ್ಲಿದೆ ನೋಡಿ

ಇದೊಂದು ಗೊತ್ತಾಗದೆ ಅರ್ಜಿ ಬರೆಯಲು ಕೂರಬೇಡಿ. ತಪ್ಪು ಕಚೇರಿಗೆ ಹೋದ ಅರ್ಜಿ ವರ್ಷಗಟ್ಟಲೆ ಅಲ್ಲೇ ಕೂರುತ್ತದೆ.

ಆವರಣದಲ್ಲಿ ಬೋರ್ಡ್ ಇದೆಯಾ ನೋಡಿ. "ಭಾರತೀಯ ಪುರಾತತ್ವ ಸರ್ವೇಕ್ಷಣ" (ಎಎಸ್‌ಐ) ಅಂತಿದ್ದರೆ ಅದು ಕೇಂದ್ರದ ಸ್ಮಾರಕ. ದೇಶದಲ್ಲಿ ಇಂಥವು ಸುಮಾರು 3,690 ಇವೆ, ಕರ್ನಾಟಕದಲ್ಲೇ 500ಕ್ಕೂ ಹೆಚ್ಚು. ನಮ್ಮ ರಾಜ್ಯಕ್ಕೆ ಎಎಸ್‌ಐನ ಮೂರು ವೃತ್ತಗಳಿವೆ: ಬೆಂಗಳೂರು, ಧಾರವಾಡ, ಹಂಪಿ. ಬೋರ್ಡಿನಲ್ಲಿ "ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆ" ಅಂತಿದ್ದರೆ ಅದು ರಾಜ್ಯದ್ದು. ಆ ಇಲಾಖೆಯ ಕೇಂದ್ರ ಕಚೇರಿ ಮೈಸೂರಿನಲ್ಲಿದೆ, ಕಾನೂನು 1961ರದ್ದು. ಇದರ ಕೆಳಗೆ 800ಕ್ಕೂ ಹೆಚ್ಚು ಸ್ಮಾರಕಗಳಿವೆ.

ಬೋರ್ಡೇ ಇಲ್ಲ ಅಂದರೆ ತಾಲ್ಲೂಕು ಕಚೇರಿಗೆ ಹೋಗಿ. ಗುಡಿಯ ಸರ್ವೆ ನಂಬರಿನ ಪಹಣಿ ತೆಗೆಸಿ. ಮುಜರಾಯಿ ಪಟ್ಟಿಯಲ್ಲಿ ಹೆಸರಿದೆಯಾ ಅಂತ ಕೇಳಿ. ಮುಜರಾಯಿ ದೇವಸ್ಥಾನಗಳಲ್ಲಿ ಮೂರು ವರ್ಗ: ವರ್ಷದ ಆದಾಯ 25 ಲಕ್ಷ ದಾಟಿದವು ಎ, 5ರಿಂದ 25 ಲಕ್ಷದವು ಬಿ, 5 ಲಕ್ಷದೊಳಗಿನವು ಸಿ. ಊರೊಳಗಿನ ಹಳೆಯ ಗುಡಿಗಳೆಲ್ಲ ಹೆಚ್ಚುಕಡಿಮೆ ಸಿ ವರ್ಗದವೇ. ಮಸೀದಿ, ದರ್ಗಾ ಆದರೆ ವಕ್ಫ್ ಮಂಡಳಿಯಲ್ಲಿ ವಿಚಾರಿಸಿ. ಎಲ್ಲೂ ಇಲ್ಲ ಅಂದರೆ ಅದು ಖಾಸಗಿ ಅಥವಾ ಊರವರ ಟ್ರಸ್ಟಿನದು.

ಎಷ್ಟು ಹಳೆಯದು ಅನ್ನುವುದಕ್ಕೆ ಪುರಾವೆ ಬೇಕಾದರೆ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟ ತೆರೆಯಿರಿ. ಬಿ.ಎಲ್. ರೈಸ್ ಶುರು ಮಾಡಿದ ಕೆಲಸ ಅದು. ಶಾಸನಗಳನ್ನು ತಾಲ್ಲೂಕುವಾರು ನಂಬರ್ ಹಾಕಿ ಕೊಟ್ಟಿದ್ದಾರೆ. ನಿಮ್ಮೂರ ಕಲ್ಲಿನ ನಂಬರ್ ಅಲ್ಲಿ ಸಿಕ್ಕಿತೋ, ಅರ್ಜಿಯ ತೂಕವೇ ಬೇರೆ. ನಮ್ಮೂರ ವೀರಗಲ್ಲನ್ನು ಬಣ್ಣ ಬಳಿಯುವ ಮೊದಲೇ ಯಾರಾದರೂ ಓದಿದ್ದರಾ ಅಂತ ನಾನು ಹುಡುಕಿದ್ದೂ ಅಲ್ಲೇ.

ಹೆಜ್ಜೆ 2: ಬೋರ್ಡ್ ಇದ್ದರೆ ಕೈ ಹಾಕಬೇಡಿ

ಎಎಸ್‌ಐ ಸ್ಮಾರಕದ ರಿಪೇರಿ ಎಎಸ್‌ಐ ಕೆಲಸ. ಊರವರು ಚಂದಾ ಎತ್ತಿ ಮೇಸ್ತ್ರಿ ಕರೆಸುವ ಹಾಗಿಲ್ಲ. ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಮತ್ತೆ 200 ಮೀಟರ್ ನಿಯಂತ್ರಿತ ಪ್ರದೇಶ. 1958ರ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಬಂದ ಮೇಲೆ ಇದು ಬಿಗಿಯಾಗಿದೆ. ನಿಷೇಧಿತ ಪ್ರದೇಶದಲ್ಲಿ ಹೊಸ ಮನೆ ಕಟ್ಟಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಮೊದಲೇ ಇದ್ದ ಮನೆಯ ರಿಪೇರಿಗೆ ಅರ್ಜಿ ಹಾಕಿ ಒಪ್ಪಿಗೆ ತಗೊಳ್ಳಬಹುದು.

ಹಾಗಾದರೆ ಅವರಿಗೆ ದುಡ್ಡೇನು ಕೊಳೆತು ಬಿದ್ದಿದೆಯಾ? ಲೆಕ್ಕ ಹಾಕಿ ನೋಡಿ. 2025-26ರ ಬಜೆಟ್‌ನಲ್ಲಿ ಸಂಸ್ಕೃತಿ ಸಚಿವಾಲಯಕ್ಕೆ ಇಟ್ಟಿದ್ದು ಸುಮಾರು 3,360 ಕೋಟಿ. ಅದರಲ್ಲಿ ಎಎಸ್‌ಐ ಪಾಲು ಸುಮಾರು 1,278 ಕೋಟಿ. 3,690 ಸ್ಮಾರಕಕ್ಕೆ ಹಂಚಿದರೆ ಒಂದಕ್ಕೆ 35 ಲಕ್ಷದಷ್ಟು. ಸಂಬಳ, ಕಾವಲುಗಾರ, ಉತ್ಖನನ ಎಲ್ಲ ಅದರಲ್ಲೇ ಆಗಬೇಕು. ಹಂಪಿಯಂಥ ಜಾಗಕ್ಕೆ, 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಬೇಲೂರು, ಹಳೇಬೀಡು, ಸೋಮನಾಥಪುರಕ್ಕೆ ಗಮನ ಜಾಸ್ತಿ. ಮೂಲೆಯ ಸ್ಮಾರಕಕ್ಕೆ ಸರದಿ ಬರುವುದು ನಿಧಾನ.

ಹಾಗಂತ ಸುಮ್ನೆ ಕೂರಬೇಕಿಲ್ಲ. ನಿಮಗೆ ಎರಡು ದಾರಿ ಇದೆ. ಒಂದು, ವೃತ್ತ ಕಚೇರಿಗೆ ಫೋಟೊ ಸಮೇತ ಪತ್ರ. "ಗುಡಿ ಹಾಳಾಗಿದೆ, ಕ್ರಮ ಕೈಗೊಳ್ಳಿ" ಅಂತ ಬರೆದರೆ ಉಪಯೋಗವಿಲ್ಲ. "ನವರಂಗದ ಈಶಾನ್ಯ ಮೂಲೆಯ ಚಪ್ಪಡಿ ಎರಡು ಬೆರಳಷ್ಟು ಕುಸಿದಿದೆ, ಸಂದಿಯಲ್ಲಿ ಅರಳಿ ಗಿಡ ಬೇರು ಬಿಟ್ಟಿದೆ" ಅಂತ ತಾರೀಖು ಹಾಕಿ ಬರೆಯಿರಿ. ಆರು ತಿಂಗಳ ನಂತರ ಅದೇ ಕೋನದಿಂದ ತೆಗೆದ ಫೋಟೊ ಜೊತೆ ಇನ್ನೊಂದು ಪತ್ರ. ಎರಡನೆಯ ದಾರಿ ರಾಷ್ಟ್ರೀಯ ಸಂಸ್ಕೃತಿ ನಿಧಿ. ಅದಕ್ಕೆ ಹೆಜ್ಜೆ 5ರಲ್ಲಿ ಬರುತ್ತೇನೆ.

ಹೆಜ್ಜೆ 3: ಬೋರ್ಡ್ ಇಲ್ಲದ ಗುಡಿಗೆ ಯಾರು ಕೊಡುತ್ತಾರೆ

ಕೆಲಸ ಇರುವುದು ಇಲ್ಲಿ. ಕರ್ನಾಟಕದ ಹಳೆಯ ಕಟ್ಟಡಗಳಲ್ಲಿ ಬಹುಪಾಲು ಯಾವ ಪಟ್ಟಿಯಲ್ಲೂ ಇಲ್ಲ.

ಮುಜರಾಯಿ ಗುಡಿಯಾದರೆ ತಹಶೀಲ್ದಾರರ ಮೂಲಕ ಅರ್ಜಿ ಹೋಗಬೇಕು. ಎ ಮತ್ತು ಬಿ ವರ್ಗದ ದೇವಸ್ಥಾನಗಳ ಆದಾಯದಲ್ಲಿ ಒಂದು ಪಾಲು ಸಾಮಾನ್ಯ ಸಂಗ್ರಹಣಾ ನಿಧಿಗೆ ಹೋಗುತ್ತದೆ. ಸಿ ವರ್ಗದವರಿಗೆ ಆಸರೆ ಅದೇ. ತಸ್ತೀಕ್ ಬರುತ್ತಿದೆಯಲ್ಲ ಅಂತ ಕೆಲವರು ಹೇಳುತ್ತಾರೆ. ತಸ್ತೀಕ್ ಅಂದರೆ ಸರ್ಕಾರ ವರ್ಷವರ್ಷ ಕೊಡುವ ಹಣ, ಅದು ಪೂಜೆಗೆ, ದೀಪದೆಣ್ಣೆಗೆ. ಅದರಲ್ಲಿ ಒಂದು ಚಪ್ಪಡಿಯೂ ಎತ್ತಲಾಗದು.

ಇನ್ನೊಂದು ದಾರಿ ನಮ್ಮ ರಾಜ್ಯದ್ದೇ ವಿಶೇಷ. ಧರ್ಮಸ್ಥಳದ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟ್ 1991ರಿಂದ ಹಳೆಯ ದೇವಸ್ಥಾನಗಳನ್ನು ಬಿಚ್ಚಿ, ಕಲ್ಲಿಗೆ ನಂಬರ್ ಹಾಕಿ, ಮತ್ತೆ ಅದೇ ಕ್ರಮದಲ್ಲಿ ಜೋಡಿಸಿ ಕಟ್ಟುವ ಕೆಲಸ ಮಾಡುತ್ತಿದೆ. ಖರ್ಚು ಹಂಚಿಕೆ ಸಾಮಾನ್ಯವಾಗಿ ಹೀಗೆ: ಸರ್ಕಾರ ಶೇಕಡಾ 40, ಟ್ರಸ್ಟ್ 40, ಊರವರು 20. ಅಂದರೆ 50 ಲಕ್ಷದ ಕೆಲಸಕ್ಕೆ ಊರು ಕೂಡಿಸಬೇಕಾದ್ದು 10 ಲಕ್ಷ. ನನಗೆ ಈ ಲೆಕ್ಕದಲ್ಲಿ ತುಂಬಾ ಇಷ್ಟವಾಗುವುದು ಆ 20. ಊರವರ ದುಡ್ಡು ಬಿದ್ದ ಕೆಲಸವನ್ನು ಊರವರು ನಿಂತು ನೋಡುತ್ತಾರೆ. ಸುಣ್ಣಕ್ಕೆ ಮರಳು ಜಾಸ್ತಿ ಹಾಕಿದರೆ ಕೇಳುವವರು ಇರುತ್ತಾರೆ.

ಕಂಪನಿಗಳು ಸಮಾಜಕ್ಕೆಂದು ಖರ್ಚು ಮಾಡಬೇಕಾದ ಸಿಎಸ್‌ಆರ್ ಹಣವೂ ಇದೆ. ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1,000 ಕೋಟಿ, ಅಥವಾ ನಿವ್ವಳ ಲಾಭ 5 ಕೋಟಿ, ಇವುಗಳಲ್ಲಿ ಒಂದು ಮುಟ್ಟಿದರೂ ಸಾಕು, ಆ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇಕಡಾ 2 ಖರ್ಚು ಮಾಡಲೇಬೇಕು. ಖರ್ಚು ಮಾಡಬಹುದಾದ ವಿಷಯಗಳ ಪಟ್ಟಿಯಲ್ಲಿ ರಾಷ್ಟ್ರೀಯ ಪರಂಪರೆಯ ರಕ್ಷಣೆ, ಐತಿಹಾಸಿಕ ಕಟ್ಟಡಗಳ ಪುನರುಜ್ಜೀವನ ಸ್ಪಷ್ಟವಾಗಿ ಇದೆ. ಆದರೆ ನಿಮ್ಮೂರ ಸಮಿತಿಯ ಖಾತೆಗೆ ಅದು ನೇರವಾಗಿ ಬರುವುದಿಲ್ಲ. ಹಣ ಪಡೆಯುವ ಟ್ರಸ್ಟಿಗೆ 12ಎ (ಆದಾಯ ತೆರಿಗೆ ವಿನಾಯಿತಿಗೆ), 80ಜಿ, ಸಿಎಸ್‌ಆರ್-1 ನೋಂದಣಿ ಬೇಕು, ಮೂರು ವರ್ಷ ಕೆಲಸ ಮಾಡಿದ ದಾಖಲೆಯೂ ಬೇಕು. ಹೊಸ ಟ್ರಸ್ಟ್ ಹುಟ್ಟುಹಾಕಿ ಮೂರು ವರ್ಷ ಕಾಯುವುದಕ್ಕಿಂತ, ಈಗಾಗಲೇ ಈ ಕೆಲಸದಲ್ಲಿ ಇರುವ ಟ್ರಸ್ಟ್ ಜೊತೆ ಕೈಜೋಡಿಸುವುದು ವಾಸಿ.

ಎಂಪಿ ಹತ್ತಿರ ಹೋಗೋಣ ಅಂತ ಪ್ರತಿ ಸಭೆಯಲ್ಲೂ ಒಬ್ಬರು ಹೇಳುತ್ತಾರೆ. ಸಂಸದರ ಪ್ರದೇಶಾಭಿವೃದ್ಧಿ ನಿಧಿಯಲ್ಲಿ ಪೂಜಾ ಸ್ಥಳದೊಳಗಿನ ಕೆಲಸಕ್ಕೆ ಅವಕಾಶವಿಲ್ಲ. ಗುಡಿಗೆ ಹೋಗುವ ರಸ್ತೆ ಕೇಳಿ, ಗುಡಿಯನ್ನಲ್ಲ.

ಹೊರದೇಶದಲ್ಲಿರುವ ಊರ ಮಕ್ಕಳ ವಿಚಾರ ಒಂದಿದೆ. ವಾಟ್ಸಾಪ್ ಗ್ರೂಪಿನಲ್ಲಿ ಮೊದಲು ಕೈ ಎತ್ತುವವರು ಅವರೇ. ದುಬೈಯಲ್ಲಿ ಕೆಲಸ ಮಾಡುವ ಭಾರತದ ಪಾಸ್‌ಪೋರ್ಟಿನವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ತೊಂದರೆಯಿಲ್ಲ. ಆದರೆ ಅಮೆರಿಕದ ಪೌರತ್ವ ತಗೊಂಡವರು, ಒಸಿಐ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ) ಕಾರ್ಡ್ ಇದ್ದರೂ, ಕಳಿಸಿದ್ದು ವಿದೇಶಿ ದೇಣಿಗೆ. ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಇಲ್ಲದ ಸಮಿತಿ ಅದನ್ನು ಮುಟ್ಟಬಾರದು. "ನಮ್ಮ ಹುಡುಗನೇ ಅಲ್ವಾ" ಅನ್ನುವುದು ಕಾನೂನಿಗೆ ಉತ್ತರವಲ್ಲ.

ಹೆಜ್ಜೆ 4: ಅರ್ಜಿಗೆ ಮೊದಲು ಅಂದಾಜು ಪಟ್ಟಿ ಸರಿ ಮಾಡಿಸಿ

ಪಹಣಿ, ಸಮಿತಿಯ ನಡಾವಳಿ, ಬ್ಯಾಂಕ್ ಪಾಸ್‌ಬುಕ್, ನಾಲ್ಕೂ ದಿಕ್ಕಿನ ಫೋಟೊ, ನೆಲದ ನಕ್ಷೆ, ಶಾಸನವಿದ್ದರೆ ಅದರ ನಂಬರ್. ಇಷ್ಟು ಎಲ್ಲ ಕಡೆಯೂ ಕೇಳುತ್ತಾರೆ. ಒಂದು ಫೈಲಿನಲ್ಲಿ ಮೂರು ಪ್ರತಿ ಮಾಡಿಟ್ಟುಕೊಳ್ಳಿ.

ಜನ ಎಡವುವುದು ಅಂದಾಜು ಪಟ್ಟಿಯಲ್ಲಿ. ಊರ ಕಾಂಟ್ರಾಕ್ಟರ್ ಬರೆದುಕೊಡುವ ಎಸ್ಟಿಮೇಟಿನಲ್ಲಿ ಸಿಮೆಂಟು, ಕಬ್ಬಿಣ, ಟೈಲ್ಸ್, ಗ್ರಾನೈಟ್ ಇರುತ್ತದೆ. ಪರಂಪರೆಯ ಕೆಲಸ ಗೊತ್ತಿರುವ ಯಾರೂ ಅದಕ್ಕೆ ಸಹಿ ಹಾಕುವುದಿಲ್ಲ, ಹಾಕಲೂಬಾರದು. ಹಳೆಯ ಗಾರೆ ಉಸಿರಾಡುತ್ತದೆ. ಒಳಗೆ ಸೇರಿದ ತೇವ ಮೆಲ್ಲಗೆ ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಬಡಿದರೆ ತೇವ ಒಳಗೇ ನಿಲ್ಲುತ್ತದೆ, ಕಲ್ಲಿನ ಮೈ ಹೊಪ್ಪಳೆ ಹೊಪ್ಪಳೆಯಾಗಿ ಏಳುತ್ತದೆ. ನಮ್ಮೂರ ಚಾವಣಿಯ ಕಥೆ ಆಗಿದ್ದು ಅದೇ. ಕಾಂಕ್ರೀಟ್ ಹಾಕಿದ ಎರಡನೇ ಮಳೆಗಾಲದಲ್ಲಿ ಸೋರುವುದು ನಿಲ್ಲಲಿಲ್ಲ, ಜಾಗ ಬದಲಾಯಿತು. ಮೊದಲು ನವರಂಗದಲ್ಲಿ ತೊಟ್ಟಿಕ್ಕುತ್ತಿದ್ದ ನೀರು ಗರ್ಭಗುಡಿಯ ಗೋಡೆಯಲ್ಲಿ ಇಳಿಯತೊಡಗಿತು. ಮೇಲೆ ಬಿದ್ದ ಭಾರಕ್ಕೆ ಒಂದು ತೊಲೆಯಲ್ಲಿ ಕೂದಲೆಳೆಯಂಥ ಬಿರುಕೂ ಕಂಡಿತು.

ಆಮೇಲೆ ಕರೆಸಿದ ಹಿರಿಯ ಗಾರೆ ಕೆಲಸದವರೊಬ್ಬರು ಮೊದಲು ಮಾಡಿದ್ದು ಆ ಕಾಂಕ್ರೀಟ್ ಒಡೆಸುವ ಕೆಲಸ. ಅದಕ್ಕೇ ಹಾಕಿಸಿದ್ದಕ್ಕಿಂತ ಜಾಸ್ತಿ ಖರ್ಚು. ಸುಣ್ಣವನ್ನು ಗುಂಡಿಯಲ್ಲಿ ನೀರು ಹಾಕಿ ವಾರಗಟ್ಟಲೆ ನೆನೆಸಿದರು. ಮರಳು, ಇಟ್ಟಿಗೆ ಪುಡಿ ಬೆರೆಸಿದರು. ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಹುಯ್ದು ಅರೆಸಿದರು. ಬೆರಳಿಗೆ ತಗೊಂಡು ಉಜ್ಜಿ, "ಇನ್ನೂ ಮುಳ್ಳು ಮುಳ್ಳಾಗಿದೆ, ಅರೀರಿ" ಅಂತ ಮತ್ತೆ ಕಳಿಸಿದರು. ಇಂಥ ಕೈಗಳ ಕೂಲಿ, ಇಂಥ ಸಾಮಾನಿನ ದರ, ಕಾಯುವ ದಿನಗಳು ನಿಮ್ಮ ಅಂದಾಜಿನಲ್ಲಿ ಇರಬೇಕು. ರಾಜ್ಯ ಪುರಾತತ್ವ ಇಲಾಖೆಯಿಂದಲೋ, 1984ರಿಂದ ಈ ಕ್ಷೇತ್ರದಲ್ಲಿರುವ ಪರಂಪರೆ ಸಂರಕ್ಷಣಾ ಸಂಸ್ಥೆ ಇಂಟ್ಯಾಕ್‌ನ ಹತ್ತಿರದ ಶಾಖೆಯಿಂದಲೋ ಸಲಹೆ ತಗೊಂಡು ಮಾಡಿಸಿ.

ಅಗೆಯುವಾಗ ನಾಣ್ಯ, ವಿಗ್ರಹ, ಕುಡಿಕೆ ಏನಾದರೂ ಸಿಕ್ಕರೆ ಕೆಲಸ ನಿಲ್ಲಿಸಿ ಜಿಲ್ಲಾಧಿಕಾರಿಗೆ ತಿಳಿಸಿ. ಮನೆಗೆ ಒಯ್ಯಬೇಡಿ.

ಹೆಜ್ಜೆ 5: ದೇಣಿಗೆ ಎಲ್ಲಿಗೆ ಕೊಟ್ಟರೆ ತೆರಿಗೆ ಉಳಿಯುತ್ತೆ

ಈಗ ಚಿಕ್ಕಪ್ಪನ ಪ್ರಶ್ನೆ. ಪರಂಪರೆಗೆ ಕೊಡುವ ದೇಣಿಗೆ ತೆರಿಗೆಯ ಕಣ್ಣಿಗೆ ನಾಲ್ಕು ಥರ ಕಾಣುತ್ತದೆ.

ರಾಷ್ಟ್ರೀಯ ಸಂಸ್ಕೃತಿ ನಿಧಿಗೆ ಕೊಟ್ಟರೆ ಪೂರ್ತಿ, ಅಂದರೆ ಶೇಕಡಾ 100 ಕಡಿತ. ಕೊಟ್ಟಷ್ಟೂ ತೆರಿಗೆ ಲೆಕ್ಕದ ಆದಾಯದಿಂದ ಕಳೆಯುತ್ತದೆ. ಕೇಂದ್ರ ಸರ್ಕಾರ 1996ರಲ್ಲಿ ಮಾಡಿದ ನಿಧಿ ಇದು. ಇಂಥ ಸ್ಮಾರಕಕ್ಕೇ ಖರ್ಚಾಗಬೇಕು ಅಂತ ಯೋಜನೆಯನ್ನು ಕೊಡುವವರೇ ಸೂಚಿಸಬಹುದು. ಎಎಸ್‌ಐ ಸ್ಮಾರಕಕ್ಕೆ ನಿಮ್ಮ ದುಡ್ಡು ಕಾನೂನುಬದ್ಧವಾಗಿ ಸೇರುವ ದಾರಿ ಇದು.

ಕೇಂದ್ರ ಸರ್ಕಾರ ಐತಿಹಾಸಿಕ ಅಥವಾ ಕಲಾತ್ಮಕ ಮಹತ್ವದ್ದು, ಇಲ್ಲವೇ ರಾಜ್ಯಕ್ಕೆಲ್ಲ ಹೆಸರಾದ ಪೂಜಾ ಸ್ಥಳ ಅಂತ ಅಧಿಸೂಚನೆ ಹೊರಡಿಸಿದ ದೇವಸ್ಥಾನ, ಮಸೀದಿ, ಚರ್ಚ್, ಗುರುದ್ವಾರಗಳ ರಿಪೇರಿಗೆ ಕೊಟ್ಟರೆ ಅರ್ಧ. ಅದಕ್ಕೂ ಮೇಲೊಂದು ಮಿತಿ ಇದೆ. ಬೇರೆ ಕಡಿತಗಳೆಲ್ಲ ಕಳೆದ ಮೇಲಿನ ಆದಾಯದ ಶೇಕಡಾ 10ರವರೆಗೆ ಮಾತ್ರ ಲೆಕ್ಕಕ್ಕೆ ಬರುತ್ತದೆ.

80ಜಿ ಮಾನ್ಯತೆ ಇರುವ ಸಾಮಾನ್ಯ ಟ್ರಸ್ಟಿಗೆ ಕೊಟ್ಟರೂ ಅರ್ಧ, ಅದೇ ಮಿತಿ.

ಇನ್ನು ಊರ ಗುಡಿಯ ಸಮಿತಿಗೆ ಕೊಟ್ಟರೆ ಬಹುತೇಕ ಏನೂ ಇಲ್ಲ. ಒಂದು ಧರ್ಮದವರ ಪೂಜೆಗೆಂದೇ ಇರುವ ಟ್ರಸ್ಟಿಗೆ 80ಜಿ ಸಿಗುವುದು ಕಷ್ಟ. ರಸೀದಿಯ ಮೇಲೆ ದೇವರ ಫೋಟೊ, ಸೀಲು, ಸಹಿ ಎಲ್ಲ ಇದ್ದರೂ ಅಷ್ಟೇ.

2,000 ರೂಪಾಯಿ ಮೀರಿದ ನಗದಿಗೆ ಕಡಿತವಿಲ್ಲ. ಕಲ್ಲು, ಮರ, ಸುಣ್ಣದ ಚೀಲ ಕೊಟ್ಟರೆ ಅದಕ್ಕೂ ಇಲ್ಲ. ಹಣವನ್ನು ಬ್ಯಾಂಕಿನಿಂದ ಅಥವಾ ಯುಪಿಐ ಮೂಲಕ ಕಳಿಸಿ, ನಿಮ್ಮ ಪ್ಯಾನ್ ನಂಬರ್ ಕೊಡಿ. ಟ್ರಸ್ಟ್ ಮೇ 31ರೊಳಗೆ ಇಲಾಖೆಗೆ 10ಬಿಡಿ ಅನ್ನುವ ದಾನಿಗಳ ಪಟ್ಟಿ ಸಲ್ಲಿಸಿ, ನಿಮಗೆ 10ಬಿಇ ಅನ್ನುವ ದೇಣಿಗೆ ಪ್ರಮಾಣಪತ್ರ ಕೊಡಬೇಕು. ಇಲಾಖೆಯವರು ನೋಡುವುದು ಆ ಪಟ್ಟಿಯನ್ನು. ನಿಮ್ಮ ಕೈಯಲ್ಲಿರುವ ರಸೀದಿ ಪುಸ್ತಕದ ಚೀಟಿ ಅವರ ಕಂಪ್ಯೂಟರಿಗೆ ಕಾಣುವುದಿಲ್ಲ.

ಹೆಜ್ಜೆ 6: ಮನೆಯಲ್ಲಿ ಯಾರಿಗೆ ತೆರಿಗೆ ಬರುತ್ತೆ ಅಂತ ಪಟ್ಟಿ ಮಾಡಿ

ನಮ್ಮ ದೇಶದಲ್ಲಿ ಗಂಡ ಹೆಂಡತಿ ಸೇರಿ ಒಂದೇ ರಿಟರ್ನ್ ಹಾಕುವ ಪದ್ಧತಿ ಇಲ್ಲ. ಕುಟುಂಬದ ಮಿತಿ ಅಂತ ಒಂದು ಅಂಕಿ ಇಲ್ಲ. ಪ್ರತಿಯೊಬ್ಬರದೂ ಬೇರೆ ಬೇರೆ ಲೆಕ್ಕ.

ತೆರಿಗೆ ಲೆಕ್ಕಕ್ಕೆ ಹೊಸದು, ಹಳೆಯದು ಅಂತ ಎರಡು ಪದ್ಧತಿ, ಒಂದನ್ನು ಆರಿಸಿಕೊಳ್ಳಬೇಕು. ಹೊಸ ಪದ್ಧತಿಯಲ್ಲಿ ವಯಸ್ಸು ಎಷ್ಟಿದ್ದರೂ ಮೊದಲ 4 ಲಕ್ಷಕ್ಕೆ ತೆರಿಗೆ ಇಲ್ಲ. ನಂತರ ಪ್ರತಿ 4 ಲಕ್ಷಕ್ಕೆ 5, 10, 15, 20, 25 ಹೀಗೆ ಏರುತ್ತಾ 24 ಲಕ್ಷದ ಮೇಲೆ ಶೇಕಡಾ 30. ಆದರೆ ಒಟ್ಟು ತೆರಿಗೆಗೊಳಪಡುವ ಆದಾಯ 12 ಲಕ್ಷ ದಾಟದಿದ್ದರೆ 87ಎ ರಿಯಾಯಿತಿಯಿಂದ ತೆರಿಗೆ ಸೊನ್ನೆ. ಸಂಬಳದವರಿಗೆ, ಪಿಂಚಣಿದಾರರಿಗೆ 75,000 ಮೊದಲೇ ಕಳೆಯುವುದರಿಂದ 12.75 ಲಕ್ಷದವರೆಗೆ ಸೊನ್ನೆ. ಸ್ವಲ್ಪವೇ ದಾಟಿದರೆ ಗಾಬರಿ ಬೇಡ. 12,10,000 ಆದರೆ ಸ್ಲ್ಯಾಬ್ ಲೆಕ್ಕದಲ್ಲಿ 61,500 ಬಂದರೂ ಕಟ್ಟಬೇಕಾದ್ದು ದಾಟಿದಷ್ಟೇ, 10,000 ಮತ್ತು ಅದರ ಮೇಲಿನ ಸೆಸ್ (ಉಪತೆರಿಗೆ). ಷೇರು ಮಾರಿದ ಲಾಭದಂಥ ವಿಶೇಷ ದರದ ಆದಾಯಕ್ಕೆ ಈ ರಿಯಾಯಿತಿ ಸಿಗುವುದಿಲ್ಲ. ಅನಿವಾಸಿಗಳಿಗೂ ಇಲ್ಲ.

ಹಳೆಯ ಪದ್ಧತಿಯಲ್ಲಿ ಮಿತಿ 2.5 ಲಕ್ಷ. 60 ದಾಟಿದವರಿಗೆ 3 ಲಕ್ಷ, 80 ದಾಟಿದವರಿಗೆ 5 ಲಕ್ಷ. 5 ಲಕ್ಷದೊಳಗಿನ ಆದಾಯಕ್ಕೆ ರಿಯಾಯಿತಿಯಿಂದ ಸೊನ್ನೆ.

80ಜಿ ಕಡಿತ ಸಿಗುವುದು ಹಳೆಯ ಪದ್ಧತಿಯಲ್ಲಿ ಮಾತ್ರ. ಹೊಸದನ್ನು ಆರಿಸಿಕೊಂಡವರು ಸಂಸ್ಕೃತಿ ನಿಧಿಗೆ ಹತ್ತು ಲಕ್ಷ ಕೊಟ್ಟರೂ ತೆರಿಗೆಯಲ್ಲಿ ಏನೂ ಬದಲಾಗುವುದಿಲ್ಲ. ಇದನ್ನು ದೇಣಿಗೆ ಎತ್ತುವವರು ಯಾಕೋ ಹೇಳುವುದೇ ಇಲ್ಲ.

ಒಂದು ಉದಾಹರಣೆ ಮಾಡೋಣ. ಚಿಕ್ಕಪ್ಪನ ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ, ಸಂಬಳ 15 ಲಕ್ಷ ಅಂತಿಟ್ಟುಕೊಳ್ಳಿ. ಹೊಸ ಪದ್ಧತಿಯಲ್ಲಿ 75,000 ಕಳೆದು 14.25 ಲಕ್ಷಕ್ಕೆ ತೆರಿಗೆ 93,750. ಸೆಸ್ ಸೇರಿ 97,500.

ಹಳೆಯ ಪದ್ಧತಿಯಲ್ಲಿ 50,000 ಕಳೆಯಿರಿ. ಪಿಎಫ್, ಜೀವ ವಿಮೆಯಂಥ 80ಸಿ ಉಳಿತಾಯ 1.5 ಲಕ್ಷ, ಗೃಹಸಾಲದ ಬಡ್ಡಿ 2 ಲಕ್ಷ, ಆರೋಗ್ಯ ವಿಮೆ 25,000. ಉಳಿದದ್ದು 10.75 ಲಕ್ಷ. ತೆರಿಗೆ ಸೆಸ್ ಸೇರಿ 1,40,400. ಈಗ ಅವಳು ಸಂಸ್ಕೃತಿ ನಿಧಿಗೆ ಒಂದು ಲಕ್ಷ ಕೊಟ್ಟಳು ಅನ್ನಿ. 9.75 ಲಕ್ಷಕ್ಕೆ ಇಳಿಯಿತು, ತೆರಿಗೆ 1,11,800. ದೇಣಿಗೆಯಿಂದ 28,600 ಉಳಿಯಿತು ಅಂತ ಕುಣಿಯಬಹುದು. ಆದರೆ ಏನೂ ಕೊಡದೆ ಹೊಸ ಪದ್ಧತಿಯಲ್ಲಿದ್ದರೆ ಬರುತ್ತಿದ್ದದ್ದು 97,500. ಅದಕ್ಕಿಂತ ಇದು ಇನ್ನೂ 14,300 ಜಾಸ್ತಿಯೇ!

ಅದೇ ಅವಳು ಅಧಿಸೂಚಿತ ದೇವಸ್ಥಾನವೊಂದಕ್ಕೆ 2 ಲಕ್ಷ ಕೊಟ್ಟರೆ? 10.75 ಲಕ್ಷದ ಶೇಕಡಾ 10, ಅಂದರೆ 1,07,500 ಮಾತ್ರ ಲೆಕ್ಕಕ್ಕೆ. ಅದರ ಅರ್ಧ 53,750 ಕಡಿತ. ತೆರಿಗೆಯಲ್ಲಿ ಆಗುವ ಉಳಿತಾಯ 16,770.

ಆದ್ದರಿಂದ ಗುಡಿಗೆ ಕೊಡುವುದಿದ್ದರೆ ಕೊಡಿ, ತೆರಿಗೆ ಉಳಿಯುತ್ತೆ ಅಂತ ಕೊಡಬೇಡಿ. 12 ಲಕ್ಷದೊಳಗಿನವರಿಗೆ ಅದು ಅರ್ಥವಿಲ್ಲದ ಮಾತು. ದೊಡ್ಡ ಮನೆ ಬಾಡಿಗೆ ಭತ್ಯೆ, ಗೃಹಸಾಲ ಎಲ್ಲ ಇದ್ದು ಮೊದಲೇ ಹಳೆಯ ಪದ್ಧತಿ ಲಾಭವಾಗುತ್ತಿರುವವರಿಗೆ ಮಾತ್ರ 80ಜಿ ಕೆಲಸಕ್ಕೆ ಬರುತ್ತದೆ.

ಹೆಜ್ಜೆ 7: ಹಳೆಯ ಮನೆಯೇ ಪರಂಪರೆ ಆಗಿದ್ದರೆ

ಕೆಲವರಿಗೆ ಗುಡಿಯಲ್ಲ, ಅಜ್ಜನ ಕಾಲದ ತೊಟ್ಟಿಮನೆಯೇ ತಲೆನೋವು. ಸ್ಮಾರಕದ ಪಟ್ಟಿಯಲ್ಲಿಲ್ಲದ ಸ್ವಂತ ಮನೆಗೆ ಸರ್ಕಾರದ ದುಡ್ಡು ಬರುತ್ತದೆ ಅಂತ ಕಾಯಬೇಡಿ. ತೆರಿಗೆಯಲ್ಲಿ ಮಾತ್ರ ಸ್ವಲ್ಪ ದಾರಿಗಳಿವೆ.

ಮನೆ ಬಾಡಿಗೆಗೆ ಕೊಟ್ಟಿದ್ದರೆ ಬಾಡಿಗೆಯಲ್ಲಿ ಮನೆ ಕಂದಾಯ ಕಳೆದು, ಉಳಿದದ್ದರಲ್ಲಿ ಶೇಕಡಾ 30 ಸೀದಾ ಕಡಿತ. ಹೊಸ ಪದ್ಧತಿಯಲ್ಲೂ ಇದೆ. ಆದರೆ ಆ ವರ್ಷ ಹೆಂಚು ಬದಲಿಸಲು, ಕಂಬ ಕೂರಿಸಲು ಹತ್ತು ಲಕ್ಷ ಹಾಕಿದ್ದರೂ ಅದೇ ಶೇಕಡಾ 30, ಏನೂ ಹಾಕದಿದ್ದರೂ ಅದೇ. ರಿಪೇರಿಗೆ ಸಾಲ ತಗೊಂಡರೆ ಬಡ್ಡಿಯನ್ನೂ ಬಾಡಿಗೆಯಲ್ಲಿ ಕಳೆಯಬಹುದು. ನೀವೇ ವಾಸವಿದ್ದರೆ ರಿಪೇರಿ ಸಾಲದ ಬಡ್ಡಿಗೆ ಹಳೆಯ ಪದ್ಧತಿಯಲ್ಲಿ 30,000ದ ಮಿತಿ. ಹೋಂಸ್ಟೇ ಅಂತ ವ್ಯವಹಾರವಾಗಿ ನಡೆಸಿದರೆ ಲೆಕ್ಕ ಬೇರೆ. ಆಗ ಮಾಮೂಲಿ ರಿಪೇರಿ ವ್ಯವಹಾರದ ಖರ್ಚಾಗುತ್ತದೆ, ಬಿಲ್ ಇಟ್ಟುಕೊಳ್ಳಬೇಕು.

ಪಾಲಾಗದ ಪಿತ್ರಾರ್ಜಿತ ಮನೆಯಾದರೆ ಬಾಡಿಗೆ ಹಿಂದೂ ಅವಿಭಕ್ತ ಕುಟುಂಬದ್ದು (ಎಚ್‌ಯುಎಫ್). ಎಚ್‌ಯುಎಫ್‌ಗೆ ಬೇರೆ ಪ್ಯಾನ್, ಬೇರೆ ರಿಟರ್ನ್. ಹೊಸ ಪದ್ಧತಿಯಲ್ಲಿ ಅದಕ್ಕೂ 4 ಲಕ್ಷದ ಮಿತಿ ಇದೆ, ಆದರೆ 12 ಲಕ್ಷದ ರಿಯಾಯಿತಿ ಇಲ್ಲ. ಅದು ವ್ಯಕ್ತಿಗಳಿಗೆ ಮಾತ್ರ. ಬಾಡಿಗೆಯನ್ನು ಅಣ್ಣ ಒಬ್ಬನೇ ತನ್ನ ಹೆಸರಲ್ಲಿ ತೋರಿಸುತ್ತಾ ಬಂದ ಮನೆಗಳು ಎಷ್ಟೋ ಇವೆ. ಪಾಲಿನ ಮಾತು ಬಂದಾಗ ಅದೇ ಜಗಳಕ್ಕೆ ಮೂಲ.

ತೆರಿಗೆ ಹಂಚಲು ಹೆಂಡತಿ ಹೆಸರಿಗೆ ದುಡ್ಡು ಹಾಕಿ ಎಫ್‌ಡಿ ಮಾಡಿದರೆ ಬಡ್ಡಿ ಮತ್ತೆ ಗಂಡನ ಆದಾಯಕ್ಕೇ ಸೇರುತ್ತದೆ. ಚಿಕ್ಕ ಮಕ್ಕಳ ಹೆಸರಲ್ಲಿ ಇಟ್ಟದ್ದು, ಅಪ್ಪ ಅಮ್ಮನಲ್ಲಿ ಯಾರ ಆದಾಯ ಜಾಸ್ತಿಯೋ ಅವರಿಗೆ ಸೇರುತ್ತದೆ. ವಯಸ್ಸಾದ ತಂದೆ ತಾಯಿಗೆ ಕೊಟ್ಟ ದುಡ್ಡಿನ ಬಡ್ಡಿ ಮಾತ್ರ ಅವರದೇ.

ಅಟ್ಟದಲ್ಲಿ ಓಲೆಗರಿ ಕಟ್ಟು ಸಿಕ್ಕರೆ ಹಳೇ ಪೇಪರ್ ಜೊತೆ ಕೊಡಬೇಡಿ. ಹಸ್ತಪ್ರತಿಗಳ ಸಮೀಕ್ಷೆ, ಸಂರಕ್ಷಣೆಗೆ 2025ರ ಬಜೆಟ್‌ನಲ್ಲಿ ಜ್ಞಾನ ಭಾರತಂ ಮಿಷನ್ ಘೋಷಿಸಿದ್ದಾರೆ. ಖಾಸಗಿ ಸಂಗ್ರಹಗಳೂ ಅದರಲ್ಲಿ ಸೇರುತ್ತವೆ, ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳ ಗುರಿ. 75 ವರ್ಷಕ್ಕೂ ಹಳೆಯ, ಮಹತ್ವದ ಹಸ್ತಪ್ರತಿ 1972ರ ಕಾಯ್ದೆಯಡಿ ಪ್ರಾಚೀನ ವಸ್ತು. ಹೊರದೇಶಕ್ಕೆ ಮಾರಿದರೆ ಅಪರಾಧ.

ಹೆಜ್ಜೆ 8: ರಿಟರ್ನ್ ತುಂಬುವಾಗ

ಸಂಬಳದವರು ಹಳೆಯ ಪದ್ಧತಿ ಬೇಕಾದರೆ ರಿಟರ್ನಿನಲ್ಲೇ ಆರಿಸಬಹುದು. ವ್ಯವಹಾರದ ಆದಾಯ ಇದ್ದವರು 10-ಐಇಎ ಫಾರಂ ಮೊದಲು ಹಾಕಬೇಕು. ರಿಟರ್ನಿನ ಗಡುವು ದಾಟಿದರೆ ಹಳೆಯ ಪದ್ಧತಿ ಕೈ ತಪ್ಪುತ್ತದೆ, ಅದರ ಜೊತೆ 80ಜಿಯೂ ಹೋಯಿತು. ರಿಟರ್ನಿನ 80ಜಿ ಭಾಗದಲ್ಲಿ ಟ್ರಸ್ಟಿನ ಪ್ಯಾನ್, ವಿಳಾಸ, ಕೊಟ್ಟ ಮೊತ್ತ, 10ಬಿಇಯಲ್ಲಿರುವ ಎಆರ್‌ಎನ್ (ಅದರ ಗುರುತಿನ) ನಂಬರ್ ತುಂಬಿ. 10ಬಿಇ ಕೈಗೆ ಬಂದ ದಿನವೇ ನಿಮ್ಮ ಪ್ಯಾನ್ ಒಂದೊಂದು ಅಕ್ಷರವೂ ಸರಿ ಇದೆಯಾ ನೋಡಿ. ತಪ್ಪಿದ್ದರೆ ಟ್ರಸ್ಟಿನವರು ಪಟ್ಟಿ ತಿದ್ದಿ ಹಾಕಬೇಕು, ನೀವೇ ತಿದ್ದಲು ಬರುವುದಿಲ್ಲ.

ಕಡಿತ ಸಿಗುವುದು ಯಾರ ಖಾತೆಯಿಂದ ದುಡ್ಡು ಹೋಯಿತೋ ಅವರಿಗೆ. ಚಿಕ್ಕಪ್ಪ ಈ ಸಲ ಫೋನ್ ಮಾಡಿದ್ದು ದುಡ್ಡು ಕೊಡುವ ಮೊದಲು. "ನಾನೇ ಕೊಡ್ತೀನಿ, ಮಗಳ ಹೆಸರಿಗೆ ರಸೀದಿ ಹಾಕಿಸಲಾ?" ಅಂದರು. ಹಾಗೆ ಆಗಲ್ಲ ಚಿಕ್ಕಪ್ಪ, ಅವಳ ಖಾತೆಯಿಂದಲೇ ಹೋಗಬೇಕು, ಅದೂ ಅವಳು ಹಳೆಯ ಪದ್ಧತಿಯಲ್ಲಿದ್ದರೆ ಮಾತ್ರ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಆ ಹಸಿರು ಪೇಂಟ್ ಕೆರೆಸೋಕೆ ಎಷ್ಟಾಗುತ್ತೆ ಅಂತ ಮೊದಲು ವಿಚಾರಿಸು" ಅಂದರು.